ಉನ್ನತ ವ್ಯಾಸಂಗದ ಇಂಗ್ಲೀಷ್ ಪರೀಕ್ಷೆ: ಹೆದರಿಕೆಯೂ ಬೇಡ, ಸಾಲವೂ ಬೇಡ

(ಕಾರ್ಮಿಕರ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಬೋನಸ್ಸು, ತುಟ್ಟಿಭತ್ಯೆ, ಅಂಗಡಿಯ ತೆರಿಗೆ ಇವುಗಳ ವಿಚಾರ ಮಾತನಾಡುವ ಈ ವೇದಿಕೆಯ ಮೇಲೆ ಅಮೆರಿಕ ದೇಶದ ಒಂದು ಪರೀಕ್ಷೆಯ ಮಾತೇಕೆ ಎಂದು ಹಿರಿಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಇಷ್ಟೇ: ನಮ್ಮ ಮನೆಗಳ ಹುಡುಗರು ಹುಡುಗಿಯರು ಈಗ ಬಿ.ಇ., ಬಿ.ಎಸ್‌ಸಿ., ಬಿ.ಕಾಂ. ಮುಗಿಸುತ್ತಿದ್ದಾರೆ. ಅವರಲ್ಲಿ ಕೆಲವರು ಮುಂದಿನ ಓದಿಗೆ ಹೊರದೇಶದ ವಿಶ್ವವಿದ್ಯಾನಿಲಯದ ಹೆಸರು ಹೇಳುತ್ತಾರೆ. ಆ ಹೆಸರಿನ ಜೊತೆಯಲ್ಲಿಯೇ ಎರಡು ಸಂಗತಿಗಳು ಮನೆಯೊಳಕ್ಕೆ ಕಾಲಿಡುತ್ತವೆ. ಒಂದು ಹೆದರಿಕೆ: "ಕನ್ನಡ ಶಾಲೆಯಲ್ಲಿ ಓದಿದ ನನಗೆ ಈ ಇಂಗ್ಲೀಷ್ ಪರೀಕ್ಷೆ ಆದೀತೇ?" ಎರಡನೆಯದು ಸಾಲ: ತರಬೇತಿ ಕೊಡುತ್ತೇವೆನ್ನುವವರು ಅಚ್ಚುಹಾಕಿದ ಬಣ್ಣದ ಕಾಗದವೊಂದು ಬರುತ್ತದೆ, ಇಷ್ಟು ಸಾವಿರ ಕಟ್ಟಿರಿ, ಇಷ್ಟು ಅಂಕ ಖಾತ್ರಿ ಎಂದು ಅದರಲ್ಲಿ ಬರೆದಿರುತ್ತದೆ. ಹೆದರಿದವನಿಗೆ ಸರಕು ಮಾರುವುದು ಸುಲಭವೆಂಬುದನ್ನು ಅಂಗಡಿ ಇಟ್ಟವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮಗಳ ಮದುವೆಗೆಂದು ಇಟ್ಟ ಒಡವೆ, ಭವಿಷ್ಯನಿಧಿಯ ಹಣ, ಸೊಸೈಟಿಯ ಸಾಲ, ಎಲ್ಲವೂ ಆ ಕಾಗದದ ಕಡೆಗೆ ಹೊರಡುತ್ತವೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಈ ಪರೀಕ್ಷೆ ಒಂದು ಕೈಗೆಲಸ. ಅಭ್ಯಾಸದಿಂದ ಬರತಕ್ಕದ್ದು. ಅಭ್ಯಾಸಕ್ಕೆ ಬೇಕಾದ ಮುಖ್ಯ ಸಾಮಗ್ರಿ ಪುಕ್ಕಟೆಯಾಗಿ ಸಿಗುತ್ತದೆ. ಸಿಗದಿರುವುದು ಕೂತು ಓದಲು ಸ್ಥಳ, ಜೊತೆಗಾರರು, ಕ್ರಮ. ಇವನ್ನು ನಾವು ಒಟ್ಟಾಗಿ ಒದಗಿಸಬಹುದು.

ಮೊದಲು ಈ ಪರೀಕ್ಷೆಯ ಹುಟ್ಟನ್ನು ತಿಳಿಯೋಣ. ಗ್ರಾಜುಯೇಟ್ ರೆಕಾರ್ಡ್ ಎಗ್ಸಾಮಿನೇಷನ್ ಎಂಬುದು ಇದರ ಪೂರ್ಣ ಹೆಸರು, ಹುಡುಗರು ಜಿ.ಆರ್.ಇ. ಎನ್ನುತ್ತಾರೆ. 1930ರ ದಶಕದ ನಡುವಿನಲ್ಲಿ ಕಾರ್ನೆಗಿ ಶಿಕ್ಷಣ ಪ್ರತಿಷ್ಠಾನವೂ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ಎಂಬ ನಾಲ್ಕು ವಿಶ್ವವಿದ್ಯಾನಿಲಯಗಳೂ ಸೇರಿ ಇದನ್ನು ಪ್ರಾರಂಭಿಸಿದವು. ಕಾರ್ನೆಗಿ ಯಾರು? ಅಮೆರಿಕದ ಉಕ್ಕಿನ ದೊರೆ. 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿನ ಅವನ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿರುದ್ಧ ನಿಂತ ಕಾರ್ಮಿಕರ ಮೇಲೆ ಬಾಡಿಗೆಯ ಬಂದೂಕುಗಾರರನ್ನು ತರಿಸಲಾಯಿತು, ಎರಡು ಕಡೆಯಲ್ಲೂ ಹೆಣಗಳು ಬಿದ್ದವು, ಸಂಘ ಮುರಿಯಿತು. ಅದೇ ಉಕ್ಕಿನ ಸಂಪತ್ತಿನಿಂದ 1905ರಲ್ಲಿ ಶಿಕ್ಷಣ ಪ್ರತಿಷ್ಠಾನ ಎದ್ದಿತು. ವಿದ್ಯಾಸಂಸ್ಥೆಗಳ ತಳಪಾಯದಲ್ಲಿಯೂ ಕೂಲಿಕಾರನ ಬೆವರು ಇದೆ ಎಂಬುದನ್ನು ನೆನಪಿನಲ್ಲಿಡಿ. ಆಗ ನಮ್ಮ ಮಕ್ಕಳು ಆ ಬಾಗಿಲಿನ ಮುಂದೆ ಕೈಕಟ್ಟಿ ನಿಲ್ಲಬೇಕಾದುದಿಲ್ಲವೆಂದು ತಿಳಿಯುತ್ತದೆ. 1947ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಸಂಸ್ಥೆ ಸ್ಥಾಪನೆಯಾಯಿತು; ಅಲ್ಲಿಂದ ಮುಂದೆ ಪರೀಕ್ಷೆ ಅದರ ಕೈಯಲ್ಲಿ ಬೆಳೆಯಿತು.

ಇನ್ನೊಂದು ಸಂಗತಿ. ನಮ್ಮ ಡಾಕ್ಟರ್ ಅಂಬೇಡ್ಕರ್ ಅವರು 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ ಹೋಗಿ ಸೇರಿದ್ದು ಇದೇ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು. ಆ ಕಾಲಕ್ಕೆ ಈ ಪರೀಕ್ಷೆ ಹುಟ್ಟಿರಲೇ ಇಲ್ಲ. ಜಯಪ್ರಕಾಶ ನಾರಾಯಣರು 1922ರಲ್ಲಿ ಅಮೆರಿಕಕ್ಕೆ ಹೋಗಿ, ಹಣ್ಣಿನ ತೋಟಗಳಲ್ಲಿ, ಹೋಟೆಲುಗಳಲ್ಲಿ ದುಡಿದು ಓದಿದರು. ಅವರೂ ಇದನ್ನು ಬರೆದವರಲ್ಲ. ಆದುದರಿಂದ ಈ ಪರೀಕ್ಷೆಯ ಅಂಕವೇ ವಿದ್ವತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪರೀಕ್ಷೆ ನಡೆಸುವ ಸಂಸ್ಥೆಯೇ ತನ್ನ ಸೂಚನೆಗಳಲ್ಲಿ, ಈ ಅಂಕವೊಂದನ್ನೇ ನೋಡಿ ಪ್ರವೇಶ ಕೊಡಬಾರದು, ನಿರಾಕರಿಸಲೂ ಬಾರದು ಎಂದು ವಿಶ್ವವಿದ್ಯಾನಿಲಯಗಳಿಗೆ ಹೇಳುತ್ತದೆ.

ಹಾಗಾದರೆ ಮೊದಲನೆಯ ಕೆಲಸ ಯಾವುದು? ಪುಸ್ತಕ ಕೊಳ್ಳುವುದಲ್ಲ, ಶುಲ್ಕ ಕಟ್ಟುವುದೂ ಅಲ್ಲ. ನಿಮ್ಮ ಮಗ ಸೇರಬೇಕೆಂದಿರುವ ವಿಭಾಗಕ್ಕೆ ಈ ಪರೀಕ್ಷೆ ಬೇಕೇ ಬೇಕೋ ಎಂದು ನೋಡುವುದು. 2020ರ ಸಾಂಕ್ರಾಮಿಕದ ನಂತರ ಅಮೆರಿಕದ ಬಹಳಷ್ಟು ವಿಭಾಗಗಳು ಇದನ್ನು ಕೈಬಿಟ್ಟಿವೆ. ಒಂದೇ ವಿಶ್ವವಿದ್ಯಾನಿಲಯದಲ್ಲಿ ಒಂದು ವಿಭಾಗ ಕೇಳುತ್ತದೆ, ಪಕ್ಕದ ವಿಭಾಗ ಕೇಳುವುದಿಲ್ಲ. ಪ್ರತಿಯೊಂದು ವಿಭಾಗದ ಪ್ರವೇಶ ಸೂಚನೆಯಲ್ಲಿ ಮೂರರಲ್ಲಿ ಒಂದು ಮಾತು ಇರುತ್ತದೆ: ಕಡ್ಡಾಯ, ಐಚ್ಛಿಕ, ಅಥವಾ ಕಳುಹಿಸಿದರೂ ನೋಡುವುದಿಲ್ಲ. ಹುಡುಗ ತನಗೆ ಬೇಕಾದ ವಿಭಾಗಗಳ ಪಟ್ಟಿ ಮಾಡಿ ಪ್ರತಿಯೊಂದರ ಮುಂದೆ ಈ ಮೂರರಲ್ಲಿ ಯಾವುದೆಂದು ಬರೆಯಲಿ. ಇದಕ್ಕೆ ಒಂದು ಸಂಜೆ ಸಾಕು. ಪರೀಕ್ಷೆಯ ಶುಲ್ಕ 220 ಡಾಲರಿನ ಆಸುಪಾಸಿನಲ್ಲಿದೆ; ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಯ ಬಾಬತ್ತು. ಬೇಡದ ಪರೀಕ್ಷೆಗೆ ಅಷ್ಟು ಹಣ ಕಟ್ಟುವುದು ಯಾವ ಬುದ್ಧಿವಂತಿಕೆ?

ಬೇಕೆಂದು ಖಚಿತವಾದ ಮೇಲೆ ಪರೀಕ್ಷೆಯ ರಚನೆಯನ್ನು ಬಾಯಿಪಾಠ ಮಾಡಿಕೊಳ್ಳಬೇಕು. 2023ರ ಸೆಪ್ಟೆಂಬರಿನಿಂದ ಇದನ್ನು ಚಿಕ್ಕದು ಮಾಡಿದ್ದಾರೆ. ಒಟ್ಟು ಸಮಯ 1 ಗಂಟೆ 58 ನಿಮಿಷ. ಮೊದಲು ಒಂದು ಪ್ರಬಂಧ, 30 ನಿಮಿಷ. ಭಾಷೆಯ ಭಾಗ ಎರಡು ಕಂತು: 18 ನಿಮಿಷಕ್ಕೆ 12 ಪ್ರಶ್ನೆ, 23 ನಿಮಿಷಕ್ಕೆ 15 ಪ್ರಶ್ನೆ. ಲೆಕ್ಕದ ಭಾಗವೂ ಎರಡು ಕಂತು: 21 ನಿಮಿಷಕ್ಕೆ 12, 26 ನಿಮಿಷಕ್ಕೆ 15. ಅಂದರೆ ಭಾಷೆಯ ಪ್ರಶ್ನೆಯೊಂದಕ್ಕೆ ಸುಮಾರು ಒಂದೂವರೆ ನಿಮಿಷ, ಲೆಕ್ಕವೊಂದಕ್ಕೆ ಒಂದೂ ಮುಕ್ಕಾಲು ನಿಮಿಷ. ಎರಡೂ ಭಾಗಗಳಿಗೆ ಅಂಕ 130ರಿಂದ 170ರವರೆಗೆ. ಪ್ರಬಂಧಕ್ಕೆ ಸೊನ್ನೆಯಿಂದ 6. ಮೊದಲ ಕಂತನ್ನು ಚೆನ್ನಾಗಿ ಮಾಡಿದವನಿಗೆ ಎರಡನೆಯ ಕಂತು ಕಠಿಣವಾಗಿ ಬರುತ್ತದೆ. ಎರಡನೆಯದು ಕಷ್ಟವಾಗಿ ಕಂಡರೆ ಎದೆಗುಂದಬಾರದು, ಅದು ಒಳ್ಳೆಯ ಸೂಚನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದುದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಹಳೆಯ ಪುಸ್ತಕದಂಗಡಿಯಲ್ಲಿ ಅಗ್ಗವಾಗಿ ಸಿಗುವ ಪುಸ್ತಕಗಳ ಬಗ್ಗೆ ಒಂದು ಎಚ್ಚರಿಕೆ. 2011ಕ್ಕಿಂತ ಮೊದಲಿನ ಪುಸ್ತಕಗಳಲ್ಲಿ ವಿರುದ್ಧಪದ, ಪದಸಾಮ್ಯ ಎಂಬ ಪ್ರಶ್ನೆಗಳಿರುತ್ತವೆ. ಆ ವರ್ಷ ಅವನ್ನು ತೆಗೆದುಹಾಕಿದರು. 2011ರಿಂದ 2023ರವರೆಗಿನ ಪುಸ್ತಕಗಳ ಪ್ರಶ್ನೆಗಳು ಈಗಲೂ ಅಭ್ಯಾಸಕ್ಕೆ ಒದಗುತ್ತವೆ. ಆದರೆ ಅವುಗಳಲ್ಲಿನ ಸಮಯದ ಲೆಕ್ಕವೂ ಎರಡನೆಯ ಪ್ರಬಂಧವೂ ಈಗ ಇಲ್ಲ. ಇದನ್ನು ತಿಳಿದು ಕೊಂಡರೆ ಹಳೆಯ ಪುಸ್ತಕ ಮೋಸವಲ್ಲ.

ಇನ್ನು ಅಭ್ಯಾಸ. ಹೊಸದಾಗಿ ನೂಲುವ ಯಂತ್ರದ ಮುಂದೆ ನಿಂತ ಹುಡುಗನ ಕೈಯನ್ನು ನೀವು ನೋಡಿದ್ದೀರಿ. ಎಳೆ ಕಡಿಯಿತೆಂದರೆ ಅವನಿಗೆ ಗಾಬರಿ. ಆರು ತಿಂಗಳಾದ ಮೇಲೆ ಅದೇ ಬೆರಳುಗಳು ಕಣ್ಣು ನೋಡುವುದಕ್ಕೆ ಮೊದಲೇ ಎಳೆಯನ್ನು ಕೂಡಿಸುತ್ತವೆ. ಯಾರೂ ಅವನಿಗೆ ಭಾಷಣ ಮಾಡಿ ಕಲಿಸಲಿಲ್ಲ. ದಿನವೂ ಮಾಡಿದ, ತಪ್ಪಿದ, ತಿದ್ದಿಕೊಂಡ. ಪರೀಕ್ಷೆಯ ಅಭ್ಯಾಸವೂ ಇದೇ ಜಾತಿಯದು. ಆದರೆ ತಪ್ಪಿದ್ದನ್ನು ತಿದ್ದಿಕೊಳ್ಳದೆ ಬರೀ ಪ್ರಶ್ನೆಗಳನ್ನು ಮಾಡುತ್ತ ಹೋದರೆ ತಪ್ಪೇ ಕೈಗೆ ಕೂಡಿಬರುತ್ತದೆ.

ಪರೀಕ್ಷೆ ನಡೆಸುವ ಸಂಸ್ಥೆಯೇ ಪೂರ್ಣ ಅಭ್ಯಾಸ ಪರೀಕ್ಷೆಗಳನ್ನು ಪವರ್‌ಪ್ರೆಪ್ ಎಂಬ ಹೆಸರಿನಲ್ಲಿ ಉಚಿತವಾಗಿ ಕೊಡುತ್ತದೆ. ಹೆಸರು ನೋಂದಾಯಿಸಿಕೊಂಡರೆ ಸಾಕು. ಮೊದಲನೆಯ ವಾರದಲ್ಲಿಯೇ ಒಂದನ್ನು, ಏನನ್ನೂ ಓದದೆ, ಗಡಿಯಾರ ಇಟ್ಟುಕೊಂಡು ಬರೆಯಬೇಕು. ಅಂಕ ಕಡಿಮೆ ಬರುತ್ತದೆ, ಬರಲಿ. ಅಂಗಡಿಯ ಲೆಕ್ಕ ಸರಿಮಾಡುವವನು ಮೊದಲು ಇರುವ ಸರಕನ್ನು ಎಣಿಸುತ್ತಾನೆ, ಅಷ್ಟೇ. ಇನ್ನೊಂದು ಪರೀಕ್ಷೆಯನ್ನು ಕೊನೆಯ ವಾರಗಳಿಗೆಂದು ಮುಟ್ಟದೆ ತೆಗೆದಿಡಬೇಕು.

ಆಮೇಲೆ ವರ್ತಕ ಮಿತ್ರರ ಪದ್ಧತಿ ಬೇಕಾಗುತ್ತದೆ. ನೀವು ದಿನದ ವ್ಯವಹಾರವನ್ನು ಕಿರ್ದಿಗೆ ಬರೆದು, ಅಲ್ಲಿಂದ ಖಾತೆಗೆ ಹಾಕುತ್ತೀರಿ. ವಿದ್ಯಾರ್ಥಿಯೂ ತಪ್ಪುಗಳಿಗೆ ಒಂದು ಕಿರ್ದಿ ಇಡಲಿ. ಪ್ರತಿ ರಾತ್ರಿ ಆ ದಿನ ತಪ್ಪಿದ ಪ್ರಶ್ನೆಗಳನ್ನು ಅದರಲ್ಲಿ ಬರೆಯಲಿ. ವಾರಕ್ಕೊಮ್ಮೆ ಅವನ್ನು ನಾಲ್ಕು ಖಾತೆಗಳಿಗೆ ಹಂಚಲಿ: ಪದ ಗೊತ್ತಿರಲಿಲ್ಲ, ವಾಕ್ಯವನ್ನು ತಪ್ಪಾಗಿ ಓದಿದೆ, ಸಮಯ ಸಾಲಲಿಲ್ಲ, ಗೊತ್ತಿದ್ದೂ ಅವಸರದಲ್ಲಿ ಕೆಟ್ಟಿತು. ನಾಲ್ಕು ವಾರಗಳಲ್ಲಿ ಯಾವ ಖಾತೆಯಲ್ಲಿ ನಷ್ಟ ಹೆಚ್ಚೆಂದು ಕಣ್ಣಿಗೆ ಕಾಣುತ್ತದೆ. ಬಹಳ ಹುಡುಗರು ಪದ ಬರದೆ ತಪ್ಪಿತೆಂದು ತಿಳಿದು ಪದಗಳ ಪಟ್ಟಿಯನ್ನೇ ಉರುಹೊಡೆಯುತ್ತಾರೆ. ಕಿರ್ದಿ ತೆರೆದು ನೋಡಿದರೆ ಅರ್ಧಕ್ಕರ್ಧ ನಷ್ಟ ವಾಕ್ಯವನ್ನು ತಪ್ಪಾಗಿ ಓದಿದ ಖಾತೆಯಲ್ಲಿ ಇದ್ದರೂ ಇರಬಹುದು. ಅಂಥವನಿಗೆ ಮೂರು ಸಾವಿರ ಪದ ಕೊಟ್ಟರೂ ಪ್ರಯೋಜನವಿಲ್ಲ.

ಪದಗಳ ವಿಷಯ ಹೇಳುತ್ತೇನೆ. ಇಲ್ಲಿ ನಮ್ಮ ಮಕ್ಕಳು ತಾವು ಬರಿಗೈಯವರೆಂದು ತಿಳಿದಿದ್ದಾರೆ. ಅದು ಸರಿಯಲ್ಲ. ಈ ಪರೀಕ್ಷೆಯ ಒಂದು ಚಾಳಿ ಏನೆಂದರೆ, ಸಾಮಾನ್ಯ ಪದವನ್ನು ಅದರ ಎರಡನೆಯ ಅರ್ಥದಲ್ಲಿ ಬಳಸುವುದು. ಅಂಗಡಿಯಲ್ಲಿ ಡಿಸ್ಕೌಂಟ್ ಎಂದರೆ ಬೆಲೆಯಲ್ಲಿ ಬಿಡುವ ರಿಯಾಯಿತಿ. ಪರೀಕ್ಷೆಯ ವಾಕ್ಯದಲ್ಲಿ ಪಂಡಿತನೊಬ್ಬ ಒಂದು ಸಾಕ್ಷ್ಯವನ್ನು ಡಿಸ್ಕೌಂಟ್ ಮಾಡಿದ ಎಂದರೆ, ಅದಕ್ಕೆ ಬೆಲೆ ಕೊಡಲಿಲ್ಲ, ತಳ್ಳಿಹಾಕಿದ ಎಂದರ್ಥ. ಬ್ಯಾಂಕಿನಲ್ಲಿ ಸಾಲ ಸ್ಯಾಂಕ್ಷನ್ ಆಯಿತೆಂದರೆ ಮಂಜೂರಾಯಿತು. ಒಂದು ದೇಶದ ಮೇಲೆ ಸ್ಯಾಂಕ್ಷನ್ ಹಾಕಿದರೆಂದರೆ ಶಿಕ್ಷೆಯಾಗಿ ವ್ಯಾಪಾರ ನಿಲ್ಲಿಸಿದರು. ಒಂದೇ ಪದ, ಎದುರು ಬದುರಾದ ಎರಡು ಅರ್ಥ. ಗಿರಣಿಯಲ್ಲಿ ವಾರ್ಪ್ ಎಂದರೆ ಹಾಸಿನ ನೂಲು. ಪರೀಕ್ಷೆಯಲ್ಲಿ ದ್ವೇಷವು ಬುದ್ಧಿಯನ್ನು ವಾರ್ಪ್ ಮಾಡುತ್ತದೆ ಎಂದರೆ ವಕ್ರಗೊಳಿಸುತ್ತದೆ. ಹತ್ತಿಯ ಸ್ಟೇಪಲ್ ಎಂದರೆ ಎಳೆಯ ಉದ್ದ. ಅಕ್ಕಿ ಒಂದು ನಾಡಿನ ಸ್ಟೇಪಲ್ ಎಂದರೆ ಮುಖ್ಯ ಆಹಾರ. ಕುಲುಮೆಯಲ್ಲಿ ಉಕ್ಕಿಗೆ ಟೆಂಪರ್ ಕೊಡುವುದೆಂದರೆ ಹದ ಕೊಡುವುದು. ಟೀಕೆಯನ್ನು ಟೆಂಪರ್ ಮಾಡಿದ ಎಂದರೆ ಮಾತಿನ ಬಿಸಿಯನ್ನು ಹದಕ್ಕೆ ತಂದ. ಇವೆಲ್ಲ ನಮ್ಮ ಕಾರ್ಖಾನೆಯಲ್ಲಿ, ಪೇಟೆಯಲ್ಲಿ ದಿನವೂ ಓಡಾಡುವ ಪದಗಳು. ಮಗ ಇವುಗಳ ಎರಡನೆಯ ಅರ್ಥವನ್ನು ಕಲಿತುಕೊಳ್ಳಬೇಕು. ಮೊದಲನೆಯದನ್ನು ಅಪ್ಪನೇ ಹೇಳಿಕೊಟ್ಟಿದ್ದಾನೆ.

ಹೊಸ ಪದವನ್ನು ಒಂಟಿಯಾಗಿ ಬರೆಯಬಾರದು. ಅದು ಬಂದ ವಾಕ್ಯದೊಡನೆ ಬರೆಯಬೇಕು. ಮರುದಿನ ಒಮ್ಮೆ, ಮೂರನೆಯ ದಿನ ಒಮ್ಮೆ, ವಾರಕ್ಕೆ ಒಮ್ಮೆ, ತಿಂಗಳಿಗೆ ಒಮ್ಮೆ ತಿರುಗಿ ನೋಡಬೇಕು. ಕಲಿತದ್ದನ್ನು ಮನುಷ್ಯ ಮೊದಲ ದಿನಗಳಲ್ಲಿಯೇ ಬೇಗ ಬೇಗ ಮರೆಯುತ್ತಾನೆಂಬುದನ್ನು ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಒಂದೇ ರಾತ್ರಿ ನೂರು ಪದ ನುಂಗುವುದಕ್ಕಿಂತ ದಿನಕ್ಕೆ ಹತ್ತು ಪದಗಳನ್ನು ಬಿಟ್ಟು ಬಿಟ್ಟು ಐದು ಸಲ ನೋಡುವುದು ಲಾಭ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿವೆ. ಒಂದು ಉದಾಹರಣೆಯನ್ನು ಕನ್ನಡದಲ್ಲಿಯೇ ಕೊಡುತ್ತೇನೆ. "ಮಾತಿನಲ್ಲಿ ಬಹಳ ಒರಟನಾಗಿ ಕಂಡರೂ, ಕಷ್ಟದಲ್ಲಿದ್ದ ನೆರೆಯವರೊಡನೆ ಆತನ ನಡವಳಿಕೆ ಡ್ಯಾಶ್." ಇಲ್ಲಿ ಏನು ಬರುತ್ತದೆ? ಮೃದು, ಅಂತಃಕರಣದ್ದು, ಇಂಥ ಪದವೆಂದು ನೀವು ಆಗಲೇ ಹೇಳಿದಿರಿ. ಹೇಗೆ ತಿಳಿಯಿತು? "ಕಂಡರೂ" ಎಂಬುದರ ಕೊನೆಯ ಅಕ್ಷರ ತಿಳಿಸಿತು. ಇಂಗ್ಲೀಷಿನಲ್ಲಿ ಆ ಕೆಲಸವನ್ನು ಆಲ್ದೋ, ಹೌಎವರ್, ಡಿಸ್ಪೈಟ್ ಎಂಬ ಪದಗಳು ಮಾಡುತ್ತವೆ. ದಿಕ್ಕು ತಿರುಗಿಸುವ ಇಂಥ ಪದಗಳು ಇಪ್ಪತ್ತೋ ಮೂವತ್ತೋ ಇವೆ, ಅವು ಕೈವಶವಾಗಬೇಕು. ಕೊಟ್ಟ ಉತ್ತರಗಳನ್ನು ನೋಡುವುದಕ್ಕೆ ಮೊದಲೇ, ಅಲ್ಲಿ ಬರಬೇಕಾದ ಅರ್ಥವನ್ನು ಕನ್ನಡದಲ್ಲಾದರೂ ಸರಿಯೇ ಮನಸ್ಸಿನಲ್ಲಿ ಹೇಳಿಕೊಂಡು, ಆಮೇಲೆ ಹೊಂದುವ ಪದವನ್ನು ಆರಿಸಬೇಕು. ಕೆಲವು ಪ್ರಶ್ನೆಗಳಲ್ಲಿ ಎರಡು ಮೂರು ಸ್ಥಳ ಬಿಟ್ಟಿರುತ್ತಾರೆ. ಎಲ್ಲವೂ ಸರಿಯಾದರೆ ಮಾತ್ರ ಅಂಕ. ಇನ್ನು ಕೆಲವು ಪ್ರಶ್ನೆಗಳಲ್ಲಿ ಆರು ಪದಗಳಿಂದ ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಬೇಕು. ಒಂದು ಸರಿ, ಒಂದು ತಪ್ಪು ಎಂದರೆ ಏನೂ ಸಿಗದು.

ಗದ್ಯಭಾಗ ಓದಿ ಉತ್ತರ ಹೇಳುವುದು ಎಲ್ಲಕ್ಕಿಂತ ಕಷ್ಟವೆಂದು ಹುಡುಗರು ಹೇಳುತ್ತಾರೆ. ಇದಕ್ಕೆ ನಾನು ತಾಯಂದಿರ ಸಹಾಯ ಕೇಳುತ್ತೇನೆ. ನಿಮಗೆ ಇಂಗ್ಲೀಷ್ ಬರುವುದಿಲ್ಲವೆಂದು ನೀವು ದೂರ ಸರಿಯುತ್ತೀರಿ. ಮಗ ಓದುವಾಗ ದೀಪ ಹಾಕಿ ಚಹಾ ಇಟ್ಟು ಹೋಗುತ್ತೀರಿ. ಇನ್ನು ಮುಂದೆ ಹಾಗೆ ಹೋಗಬೇಡಿ. ದಿನಕ್ಕೆ ಒಂದು ಸಲ ಎದುರಿಗೆ ಕುಳಿತು, "ಇವತ್ತು ಓದಿದ್ದರಲ್ಲಿ ಏನಿತ್ತಪ್ಪಾ, ನನಗೆ ಹೇಳು" ಎಂದು ಕೇಳಿರಿ. ಬರೆದವನು ಏನು ಹೇಳುತ್ತಾನೆ, ಯಾರನ್ನು ವಿರೋಧಿಸುತ್ತಾನೆ, ಯಾವ ಕಾರಣ ಕೊಡುತ್ತಾನೆ, ಇವನ್ನು ಅವನು ನಾಲ್ಕು ಮಾತಿನ ಕನ್ನಡದಲ್ಲಿ ನಿಮಗೆ ತಿಳಿಯುವ ಹಾಗೆ ಹೇಳಬೇಕು. ಹೇಳಲಾರದೆ ತಡವರಿಸಿದರೆ, ಇಂಗ್ಲೀಷ್ ಪದಗಳನ್ನೇ ತಿರುಗಾಮುರುಗಾ ಹೇಳಿದರೆ, ಅವನಿಗೆ ಅರ್ಥವಾಗಿಲ್ಲವೆಂದು ತಿಳಿಯಿರಿ. "ಇನ್ನೊಮ್ಮೆ ಓದು" ಎನ್ನಿರಿ. ಸಾವಿರಾರು ರೂಪಾಯಿ ತೆಗೆದುಕೊಂಡ ಉಪಾಧ್ಯಾಯ ಇದಕ್ಕಿಂತ ಒಳ್ಳೆಯ ಪರೀಕ್ಷೆ ಮಾಡಲಾರ. ಓದುವುದಕ್ಕೆ ವಿಜ್ಞಾನ, ಚರಿತ್ರೆ, ಅರ್ಥಶಾಸ್ತ್ರ, ಕಲೆ ಎಲ್ಲ ಬಗೆಯ ಲೇಖನಗಳೂ ಬೇಕು. ಇಂಗ್ಲೀಷ್ ಪತ್ರಿಕೆಯ ಸಂಪಾದಕೀಯ ಪುಟದಿಂದ ಪ್ರಾರಂಭಿಸಿ ಉದ್ದನೆಯ ಲೇಖನಗಳಿಗೆ ಹೋಗಬಹುದು.

ಲೆಕ್ಕದ ಭಾಗ ಪ್ರೌಢಶಾಲೆಯ ಮಟ್ಟದ್ದು: ಅಂಕಗಣಿತ, ಬೀಜಗಣಿತ, ರೇಖಾಗಣಿತ, ಅಂಕಿಅಂಶಗಳ ಕೋಷ್ಟಕ. ಪರದೆಯ ಮೇಲೆ ಲೆಕ್ಕಯಂತ್ರವನ್ನೂ ಕೊಡುತ್ತಾರೆ. ಇಲ್ಲಿ ಬೀಳುವುದು ಅವಸರದಿಂದ. ನೂರು ರೂಪಾಯಿಯ ಸರಕಿಗೆ ನೂರಕ್ಕೆ ಹತ್ತರಂತೆ ಏರಿಸಿ, ಆಮೇಲೆ ನೂರಕ್ಕೆ ಹತ್ತರಂತೆ ಇಳಿಸಿದರೆ ಬೆಲೆ ಎಷ್ಟು? ಮೊದಲಿನಷ್ಟೇ ಎನ್ನುವವನು ಅಂಗಡಿ ಮುಚ್ಚಬೇಕಾಗುತ್ತದೆ: ನೂರ ಹತ್ತರಲ್ಲಿ ಹನ್ನೊಂದು ಹೋಗಿ ತೊಂಬತ್ತೊಂಬತ್ತು. ಒಂದು ಯಂತ್ರ ಒಂದು ಕೆಲಸವನ್ನು 3 ಗಂಟೆಯಲ್ಲಿ, ಇನ್ನೊಂದು 6 ಗಂಟೆಯಲ್ಲಿ ಮುಗಿಸಿದರೆ ಎರಡೂ ಸೇರಿ ಎಷ್ಟರಲ್ಲಿ ಮುಗಿಸುತ್ತವೆ? ಸರಾಸರಿ ತೆಗೆದು ನಾಲ್ಕೂವರೆ ಎಂದರೆ ತಪ್ಪು. ಗಂಟೆಗೆ ಒಂದು ಮೂರಾಂಶವನ್ನು, ಒಂದು ಆರಾಂಶವನ್ನು ಕೂಡಿಸಿದರೆ ಅರ್ಧ ಕೆಲಸ. ಒಟ್ಟು 2 ಗಂಟೆ. ಪ್ರಶ್ನೆ ಇಂಗ್ಲೀಷಿನಲ್ಲಿ ಇರುವುದರಿಂದ ಹೆದರುತ್ತಾರೆಯೇ ಹೊರತು ಲೆಕ್ಕ ನಮಗೆ ಹೊಸದಲ್ಲ. ಅಟ್ ಲೀಸ್ಟ್, ಅಟ್ ಮೋಸ್ಟ್, ಎಕ್ಸೆಪ್ಟ್ ಎಂಬ ಚಿಕ್ಕ ಮಾತುಗಳನ್ನು ಬೆರಳಿಟ್ಟು ಓದುವ ಅಭ್ಯಾಸ ಮಾಡಿದರೆ ಅರ್ಧ ತಪ್ಪುಗಳು ತಾವಾಗಿ ಹೋಗುತ್ತವೆ.

ಪ್ರಬಂಧದ ವಿಷಯಗಳ ಪೂರ್ಣ ಪಟ್ಟಿಯನ್ನು ಸಂಸ್ಥೆ ಮೊದಲೇ ಬಹಿರಂಗವಾಗಿ ಪ್ರಕಟಿಸಿದೆ. ಪರೀಕ್ಷೆಯ ವಿಷಯ ಆ ಪಟ್ಟಿಯಿಂದಲೇ ಬರುತ್ತದೆ. ಇದನ್ನು ಗುಟ್ಟೆಂದು ಹೇಳಿ ಹಣಕ್ಕೆ ಮಾರುವವರೂ ಇದ್ದಾರೆ, ಎಚ್ಚರ. ವಾದ ಮಾಡುವ ರೀತಿಯನ್ನು ನಮ್ಮ ಸಂಘದ ಸಭೆಗಳಲ್ಲಿ ಮಕ್ಕಳು ನೋಡಿಯೇ ಬೆಳೆದಿದ್ದಾರೆ: ನಮ್ಮ ಅಭಿಪ್ರಾಯ ಇದು, ಕಾರಣ ಇವು, ಮಾಲೀಕರ ಕಡೆಯವರು ಹೀಗೆ ಹೇಳಬಹುದು, ಅದರಲ್ಲಿ ಇಷ್ಟು ನಿಜವಿದೆ, ಆದರೂ ನಮ್ಮ ಮಾತು ಏಕೆ ನಿಲ್ಲುತ್ತದೆಂದರೆ ಇದಕ್ಕೆ. ಪ್ರಬಂಧವೂ ಹೀಗೆಯೇ. ಆದರೆ ಅದನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಬೇಕು; ಕಾಗುಣಿತ ತಿದ್ದುವ ಸೌಕರ್ಯ ಅಲ್ಲಿಲ್ಲ. ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಬರೆದು ರೂಢಿಯಾದವನು 30 ನಿಮಿಷದಲ್ಲಿ ಅರ್ಧ ಪುಟ ಬರೆದು ಕೂರುತ್ತಾನೆ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಎರಡು ತಿಂಗಳು ಕೀಲಿಮಣೆಯ ಮೇಲೆ ಕೈ ಪಳಗಿಸಿದರೆ ಈ ಕೊರತೆ ತೀರುತ್ತದೆ.

ಸೋರಿಹೋದ ಪ್ರಶ್ನೆಪತ್ರಿಕೆ ಕೊಡಿಸುತ್ತೇವೆ, ನಿಮ್ಮ ಬದಲು ಬೇರೆಯವರನ್ನು ಕೂರಿಸುತ್ತೇವೆ ಎನ್ನುವ ದಲ್ಲಾಳಿಗಳೂ ಬರುತ್ತಾರೆ. ಅಂಥವರನ್ನು ಹೊಸ್ತಿಲು ದಾಟಿಸಬೇಡಿ. 2002ರಲ್ಲಿ ಚೀನಾ, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ಪ್ರಶ್ನೆಗಳನ್ನು ನೆನಪಿಟ್ಟು ಹಂಚುವುದು ಹೆಚ್ಚಿತೆಂದು ಕಂಪ್ಯೂಟರ್ ಪರೀಕ್ಷೆಯನ್ನೇ ನಿಲ್ಲಿಸಿ ಕಾಗದದ ಪರೀಕ್ಷೆಗೆ ಹಿಂದಿರುಗಿದರು. ಪ್ರಾಮಾಣಿಕವಾಗಿ ಓದಿದವರೂ ಅದರಿಂದ ತೊಂದರೆಪಟ್ಟರು.

ಕೆಲವು ವ್ಯವಹಾರದ ಮಾತುಗಳು. ಪಾಸ್‌ಪೋರ್ಟನ್ನು ಮೊದಲೇ ಮಾಡಿಸಿರಿ. ಅದರಲ್ಲಿರುವ ಹೆಸರೂ ಪರೀಕ್ಷೆಗೆ ನೋಂದಾಯಿಸುವ ಹೆಸರೂ ಅಕ್ಷರಕ್ಕಕ್ಷರ ಒಂದೇ ಆಗಿರಬೇಕು. ನಮ್ಮಲ್ಲಿ ತಂದೆಯ ಹೆಸರು, ಊರಿನ ಹೆಸರು ಒಂದೊಂದು ಅಕ್ಷರವಾಗಿ ಹಿಂದೆ ಮುಂದೆ ಬರುವುದರಿಂದ ಇದರಲ್ಲಿ ತೊಡಕಾಗುತ್ತದೆ. ಪರೀಕ್ಷೆಯ ದಿನವೇ ಹೇಳಿದರೆ ನಾಲ್ಕು ಸಂಸ್ಥೆಗಳಿಗೆ ಅಂಕಪಟ್ಟಿಯನ್ನು ಬೇರೆ ಶುಲ್ಕವಿಲ್ಲದೆ ಕಳುಹಿಸುತ್ತಾರೆ. ಅಂಕ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಆದುದರಿಂದ ಕಾಲೇಜಿನ ಕೊನೆಯ ವರ್ಷದಲ್ಲಿ ಬರೆದು, ಎರಡು ವರ್ಷ ಕೆಲಸ ಮಾಡಿ ಹಣ ಕೂಡಿಸಿಕೊಂಡು ಹೋಗಬಹುದು. ಮನೆಯಿಂದಲೇ ಬರೆಯುವ ಅವಕಾಶವೂ 2020ರಿಂದ ಇದೆ. ಆದರೆ ಅದಕ್ಕೆ ಬೇರೆ ಯಾರೂ ಬಾರದ ಒಂದು ಕೋಣೆ ಬೇಕು. ನಮ್ಮ ಗಿರಣಿ ಚಾಳಿನ ಒಂದೂವರೆ ಕೋಣೆಯ ಮನೆಗಳಲ್ಲಿ ಅದು ಸಾಧ್ಯವೇ? ಪರೀಕ್ಷಾ ಕೇಂದ್ರಕ್ಕೆ ಹೋಗುವುದೇ ಕ್ಷೇಮ. ಟೋಫೆಲ್, ಐ.ಇ.ಎಲ್.ಟಿ.ಎಸ್. ಎಂಬ ಭಾಷಾ ಪರೀಕ್ಷೆಗಳು ಬೇರೆ, ಅವುಗಳ ಶುಲ್ಕವೂ ಬೇರೆ; ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಂಕ ಬಂದ ಮಾತ್ರಕ್ಕೆ ಓದಿನ ಖರ್ಚು ತೀರುವುದಿಲ್ಲ. ಅಮೆರಿಕದಲ್ಲಿ ಪಿಎಚ್.ಡಿ.ಗೆ ಸೇರಿಸಿಕೊಳ್ಳುವ ಅನೇಕ ವಿಭಾಗಗಳು ಶುಲ್ಕ ಬಿಟ್ಟು ಸಹಾಯಕನ ಕೆಲಸಕ್ಕೆ ವೇತನವನ್ನೂ ಕೊಡುತ್ತವೆ; ಎಂ.ಎಸ್. ಓದಿಗೆ ಬಹುಮಟ್ಟಿಗೆ ಕೈಯಿಂದಲೇ ಕಟ್ಟಬೇಕು. ಈ ಭೇದವನ್ನು ತಿಳಿಯದೆ ಮನೆಯನ್ನು ಒತ್ತೆ ಇಡಬಾರದು. ಪರಿಶಿಷ್ಟ ಜಾತಿಯವರ, ಅಲೆಮಾರಿ ಬುಡಕಟ್ಟುಗಳವರ, ಭೂಮಿಯಿಲ್ಲದ ಕೃಷಿ ಕೂಲಿಗಾರರ, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಭಾರತ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ನಮ್ಮ ಕೇರಿಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ. ಅರ್ಜಿಯ ಗಡುವು, ವರಮಾನದ ಮಿತಿ ಇವನ್ನು ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಿರಿ.

ಇಲ್ಲಿ ಒಬ್ಬ ತರುಣ ನನ್ನನ್ನು ಕೇಳಬಹುದು: "ಇಂಗ್ಲೀಷ್ ತೊಲಗಲಿ ಎಂದ ಲೋಹಿಯಾ ಅವರ ಹೆಸರು ಹೇಳುವ ನೀವು ಇಂಗ್ಲೀಷ್ ಪರೀಕ್ಷೆಗೆ ತಯಾರಿ ಹೇಳಿಕೊಡುವುದು ಹೇಗೆ?" ಲೋಹಿಯಾ ಅವರು ವಿರೋಧಿಸಿದ್ದು, ನ್ಯಾಯಾಲಯ, ಕಚೇರಿ, ಶಾಲೆಗಳಲ್ಲಿ ಜನರನ್ನು ಹೊರಗಿಡುವ ಗೋಡೆಯಾಗಿ ಇಂಗ್ಲೀಷನ್ನು ಬಳಸುವುದನ್ನು. ತಾವೇ ಬರ್ಲಿನ್ನಿಗೆ ಹೋಗಿ, ಜರ್ಮನ್ ಭಾಷೆ ಕಲಿತು, ಉಪ್ಪಿನ ತೆರಿಗೆ ಮತ್ತು ಸತ್ಯಾಗ್ರಹವನ್ನು ಕುರಿತು ಅಲ್ಲಿ ಡಾಕ್ಟರೇಟ್ ಪಡೆದರು. ಪರದೇಶದಲ್ಲಿ ಓದುವವನು ಆ ದೇಶದ ಭಾಷೆ ಕಲಿಯುವುದರಲ್ಲಿ ಗುಲಾಮಗಿರಿ ಇಲ್ಲ. ಅದು ಬಾರದವನನ್ನು ಕೀಳೆಂದು ಕಾಣುವುದರಲ್ಲಿ ಗುಲಾಮಗಿರಿ ಇದೆ. ಗಣಿತದಲ್ಲಿ ಚುರುಕಾದ ಹುಡುಗಿ ಇಂಗ್ಲೀಷ್ ಮಾತನಾಡಲು ತೊದಲಿದಳೆಂದು ತನ್ನನ್ನು ತಾನೇ ದಡ್ಡಿ ಎಂದುಕೊಂಡರೆ, ಆ ನಷ್ಟ ಅವಳೊಬ್ಬಳದಲ್ಲ, ನಮ್ಮೆಲ್ಲರದು. ನಮ್ಮ ಊರಿನ ಕಾಲೇಜುಗಳಲ್ಲಿ ಉನ್ನತ ವ್ಯಾಸಂಗ ಕನ್ನಡದಲ್ಲಿಯೂ ದೊರೆಯಬೇಕೆಂಬ ಹೋರಾಟ ನಡೆಯಲಿ; ಅದು ಗೆಲ್ಲುವವರೆಗೆ ಈಗಿನ ಮಕ್ಕಳು ಬಾಗಿಲ ಹೊರಗೆ ನಿಂತಿರಬೇಕೆಂದು ಹೇಳುವ ಹಕ್ಕು ನಮಗಿಲ್ಲ.

ಕೊನೆಯದಾಗಿ, ನಾವು ಸೇರಿ ಮಾಡಬೇಕಾದ ಕೆಲಸ. ಒಬ್ಬೊಬ್ಬರೇ ಹೋದರೆ ಪ್ರತಿ ಮನೆಯೂ ಪ್ರತ್ಯೇಕವಾಗಿ ಸಾವಿರಾರು ರೂಪಾಯಿ ಕಟ್ಟಬೇಕಾಗುತ್ತದೆ. ಐದಾರು ಜನ ವಿದ್ಯಾರ್ಥಿಗಳು ಕೂಡಿದರೆ ಪುಸ್ತಕಗಳನ್ನು ಒಂದು ಸೆಟ್ಟು ಕೊಂಡು ಹಂಚಿಕೊಳ್ಳಬಹುದು; ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಿದ್ದಬಹುದು; ಒಬ್ಬನಿಗೆ ಲೆಕ್ಕ ಬಂದರೆ ಇನ್ನೊಬ್ಬಳಿಗೆ ವ್ಯಾಕರಣ ಬರುತ್ತದೆ. ಈ ವಾಚನಾಲಯದ ಹಿಂದಿನ ಕೋಣೆ ಸಂಜೆ ಆರರಿಂದ ಒಂಬತ್ತರವರೆಗೆ ಖಾಲಿ ಇರುತ್ತದೆ. ಅದನ್ನು ಬಿಟ್ಟುಕೊಡಬೇಕೆಂದು ಅಧ್ಯಕ್ಷರನ್ನು ಈ ಸಭೆಯ ಮುಂದೆಯೇ ಕೇಳುತ್ತೇನೆ.

ಇನ್ನೊಂದು ಹಕ್ಕಿನ ಮಾತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಅಂಗಡಿಯ ಮಾಲೀಕರೇ, ಮನೆಯುಳ್ಳವರೇ, ನಿಮ್ಮ ರಸೀದಿಯನ್ನು ತೆಗೆದು ನೋಡಿರಿ. ಆ ಹಣ ನಿಮ್ಮದು. ಜಿಲ್ಲಾ ಗ್ರಂಥಾಲಯದಲ್ಲಿ ಸಂಜೆಯ ಹೊತ್ತು ಕಂಪ್ಯೂಟರುಗಳು ನಡೆಯಬೇಕು, ಈ ಪರೀಕ್ಷೆಗಳ ಹೊಸ ಆವೃತ್ತಿಯ ಪುಸ್ತಕಗಳನ್ನು ತರಿಸಬೇಕು, ಪಾಳಿ ಮುಗಿಸಿ ಬರುವ ಹುಡುಗನಿಗೂ ಬಾಗಿಲು ತೆರೆದಿರಬೇಕು ಎಂದು ಒಂದು ಮನವಿ ಬರೆದು ತಂದಿದ್ದೇನೆ. ಹೊರಗೆ ಮೇಜಿನ ಮೇಲೆ ಇಟ್ಟಿದೆ. ಓದಿ, ಒಪ್ಪಿಗೆಯಾದರೆ ಸಹಿ ಮಾಡಿರಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ. ಮಕ್ಕಳ ಓದಿಗಾಗಿ ಒತ್ತಿದ ಹೆಬ್ಬೆಟ್ಟಿಗೆ ಯಾರೂ ನಾಚಬೇಕಾಗಿಲ್ಲ.